ನಾಗಪ್ಪನ ಸಂಶಯ ಯಾರ ರೋಗ?

ಯಶವಂತ ಚಿತ್ತಾಲರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ ಒಬ್ಬ ಸಂಶಯಪಿಶಾಚಿ ಎಂದು ಎಂ.ಎ. ಪರೀಕ್ಷೆಯಲ್ಲಿ ನಾನೂ ಬರೆದಿದ್ದೆ. ಅಂಕ ಚೆನ್ನಾಗಿಯೇ ಬಂತು. ಈಗ ಮತ್ತೆ ಓದುವಾಗ ಆ ಉತ್ತರ ತಪ್ಪು ಎನಿಸುತ್ತಿದೆ. ಅದು ನನ್ನೊಬ್ಬಳ ತಪ್ಪೂ ಅಲ್ಲ. ನಮ್ಮ ಆಫೀಸುಗಳು ದಿನವೂ ಮಾಡುವ ತಪ್ಪು.

ನಾಗಪ್ಪ ಮುಂಬಯಿಯ ಕೆಮಿಕಲ್ ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವವನು. ಒಂದು ದಿನ ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರವಿಡುತ್ತಾರೆ. ಮಾಡಿದ ಅಪರಾಧ ಏನೆಂದು ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಒಂದು ಫೋನು, ಒಂದು ನಗೆ, ಗೆಳೆಯನ ಒಂದು ಮಾತು, ಎಲ್ಲವೂ ಅವನಿಗೆ ಸುಳಿವುಗಳಾಗಿ ಕಾಣುತ್ತವೆ. ನಿರೂಪಣೆ ಅವನ ಮನಸ್ಸಿಗೆ ಅಂಟಿಕೊಂಡೇ ಸಾಗುವುದರಿಂದ ಓದುಗರಿಗೂ ಹೊರಗಿನಿಂದ ನೋಡುವ ಜಾಗ ಸಿಗುವುದಿಲ್ಲ. ಉಸಿರು ಕಟ್ಟುತ್ತದೆ. ಆಗ ‘ಇವನ ಸ್ವಭಾವವೇ ಹೀಗೆ’ ಎಂದುಬಿಟ್ಟರೆ ನಮಗೆ ಹಗುರವಾಗುತ್ತದೆ.

ಈ ಹಗುರಾಗುವಿಕೆಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರಿದೆ. ಬೇರೆಯವರ ನಡವಳಿಕೆಗೆ ಕಾರಣ ಹುಡುಕುವಾಗ ನಾವು ಅವರ ಸ್ವಭಾವವನ್ನು ಹೆಚ್ಚು, ಅವರು ಸಿಕ್ಕಿಕೊಂಡ ಪರಿಸ್ಥಿತಿಯನ್ನು ಕಡಿಮೆ ಲೆಕ್ಕಕ್ಕೆ ಹಿಡಿಯುತ್ತೇವೆ. ಲೀ ರಾಸ್ 1977ರಲ್ಲಿ ಇದನ್ನು ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಎಂದು ಕರೆದರು. ತಡವಾಗಿ ಬಂದ ಸಹೋದ್ಯೋಗಿ ಸೋಮಾರಿ. ನಾನು ತಡವಾಗಿ ಬಂದರೆ ಮಾತ್ರ ಟ್ರಾಫಿಕ್.

ಎಮಿ ಎಡ್ಮಂಡ್‌ಸನ್ ಅಮೆರಿಕದ ಆಸ್ಪತ್ರೆಗಳಲ್ಲಿ ಕಂಡದ್ದೂ ಇಲ್ಲಿ ನೆನಪಾಗುತ್ತದೆ. ಒಳ್ಳೆಯ ನಾಯಕತ್ವವಿದ್ದ ದಾದಿಯರ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರಬೇಕಿತ್ತು. ದಾಖಲೆಯಲ್ಲಿ ಹೆಚ್ಚು ಕಂಡವು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯವಿರಲಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಅಂದರೆ ಬಾಯಿ ಬಿಡುವುದು, ಬಿಗಿಯುವುದು ಬರಿಯ ಸ್ವಭಾವದ ಮಾತಲ್ಲ. ಮೇಲಿನವರು ನಡೆದುಕೊಳ್ಳುವ ರೀತಿಯೂ ಅದನ್ನು ತೀರ್ಮಾನಿಸುತ್ತದೆ. ನಾಗಪ್ಪನ ಕಂಪನಿಯಲ್ಲಿ ಮಾಹಿತಿ ಮೇಲೆಯೇ ನಿಲ್ಲುತ್ತದೆ. ಏನೂ ತಿಳಿಸದ ಕಡೆ ಊಹಿಸುವುದು ರೋಗವಲ್ಲ, ಉಳಿಯುವ ದಾರಿ. ಮುಂಬಯಿಯ ಉದ್ಯಮದಲ್ಲಿ ದಶಕಗಳ ಕಾಲ ದುಡಿದ ಚಿತ್ತಾಲರಿಗೆ ಇದು ಪುಸ್ತಕದಿಂದ ಕಲಿತ ವಿಷಯವಾಗಿರಲಾರದು.

ಹಾಗೆಂದು ನಾಗಪ್ಪನನ್ನು ಬರೀ ಬಲಿಪಶು ಮಾಡಿದರೆ ಕಾದಂಬರಿ ಸಣ್ಣದಾಗುತ್ತದೆ. ತನ್ನ ಮೇಲೆ ನಡೆದ ಅದೇ ತಪ್ಪನ್ನು ಅವನು ಇತರರ ಮೇಲೆ ಮಾಡುತ್ತಾನೆ. ಎದುರಿಗಿರುವವನಿಗೂ ಒಂದು ಹೆದರಿಕೆ, ಒಂದು ಒತ್ತಡ ಇದ್ದೀತು ಎಂದು ಯೋಚಿಸುವಷ್ಟು ಬಿಡುವು ಅವನಿಗಿಲ್ಲ. ಕಂಡವರಲ್ಲೆಲ್ಲ ಬೇಟೆಗಾರನೇ ಕಾಣುತ್ತಾನೆ. ಸಂಸ್ಥೆಯ ಕ್ರೌರ್ಯ ಒಬ್ಬನ ನೋಡುವ ರೀತಿಯನ್ನೇ ಕೆಡಿಸುವುದನ್ನು ಚಿತ್ತಾಲರು ಇಷ್ಟು ಹತ್ತಿರದಿಂದ ಬರೆದಿದ್ದಾರೆ.

ಈ ಮರು ಓದಿಗೆ ಕಾರಣ ನನ್ನ ರೂಮ್‌ಮೇಟ್. ಬೆಂಗಳೂರಿನ ಒಂದು ಆಫೀಸಿನಲ್ಲಿದ್ದಳು. ಒಂದು ರಾತ್ರಿ ಮ್ಯಾನೇಜರ್‌ನಿಂದ ‘ನಾಳೆ ಮಾತಾಡೋಣ’ ಎಂಬ ಮೆಸೇಜು ಬಂತು. ಅವಳು ಅದನ್ನು ಹತ್ತು ಸಲ ಓದಿದಳು, ನನಗೂ ತೋರಿಸಿದಳು. “ನೀನು ಎಲ್ಲದಕ್ಕೂ ಜಾಸ್ತಿ ಯೋಚನೆ ಮಾಡ್ತೀಯ, ಮಲ್ಕೋ” ಅಂದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ಕೆಲಸ ಹೋಗಿತ್ತು. ಅದೇ ತಿಂಗಳು ಅವಳ ಆಫೀಸಿನಲ್ಲಿ ಒತ್ತಡ ನಿಭಾಯಿಸುವ ಕಾರ್ಯಾಗಾರ ನಡೆದಿತ್ತು. ಆಳವಾಗಿ ಉಸಿರಾಡುವುದನ್ನು ಹೇಳಿಕೊಟ್ಟಿದ್ದರಂತೆ. ಯಾರ ಕೆಲಸ ಹೋಗಲಿದೆ, ಯಾಕೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆ ರಾತ್ರಿ ನಾನು ಹೇಳಿದ್ದೂ ಆ ಕಾರ್ಯಾಗಾರದ ಮಾತನ್ನೇ.

ಮನಶ್ಶಾಸ್ತ್ರವನ್ನು ಆಫೀಸಿಗೆ ತರುವುದಾದರೆ ಮೊದಲು ಮ್ಯಾನೇಜರ್ ಕೋಣೆಗೆ ತರಬೇಕು. ‘ಶಿಕಾರಿ’ಯನ್ನು ಪಾಠ ಮಾಡುವ ಅವಕಾಶ ಸಿಕ್ಕರೆ ನಾಗಪ್ಪನ ಸ್ವಭಾವ ಬರೆಯಿರಿ ಎಂದು ನಾನು ಕೇಳುವುದಿಲ್ಲ. ಅವನಿಗೆ ಯಾರು, ಏನನ್ನು, ಯಾವಾಗ ತಿಳಿಸಿದರು ಎಂದು ಪಟ್ಟಿ ಮಾಡಲು ಹೇಳುತ್ತೇನೆ.