ತಿದ್ದಿದ ಕೈ

ರಷ್ಯಾದ ಸಂಗೀತಕಾರ ನಿಕೊಲಾಯ್ ರಿಮ್‌ಸ್ಕಿ-ಕೊರ್ಸಕೋವ್‌ನ ಆತ್ಮಕಥೆ ಸಲೀಸಾಗಿ ಓದಿಸಿಕೊಳ್ಳುವ ಪುಸ್ತಕವಲ್ಲ. ಯಾವ ಕಛೇರಿ ಎಲ್ಲಿ ನಡೆಯಿತು, ಯಾರ ಮನೆಯಲ್ಲಿ ಯಾರು ಸೇರಿದ್ದರು ಎಂಬ ವಿವರಗಳೇ ಪುಟಗಟ್ಟಲೆ. ಆದರೂ ತನಗೆ ಏನು ಗೊತ್ತಿರಲಿಲ್ಲ ಎಂಬುದನ್ನು ಇಷ್ಟು ನಿರ್ಭಿಡೆಯಿಂದ ಬರೆದ ಕಲಾವಿದರು ಕಡಿಮೆ. ಅವನು 1908ರಲ್ಲಿ ತೀರಿಕೊಂಡ. ಪುಸ್ತಕ ಮರುವರ್ಷ ಅಚ್ಚಾಯಿತು.

ಅವನು ಮೊದಲಿಗೆ ನಾವಿಕ. 12ನೇ ವಯಸ್ಸಿಗೆ ನೌಕಾಶಾಲೆ ಸೇರಿ, 1862ರಿಂದ ಮೂರು ವರ್ಷ 'ಅಲ್ಮಾಜ್' ಹಡಗಿನಲ್ಲಿ ನ್ಯೂಯಾರ್ಕ್, ರಿಯೋ ಎಂದು ಸುತ್ತಿದ. 1871ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಕನ್ಸರ್ವೇಟರಿ ಅವನನ್ನು ಪ್ರಾಧ್ಯಾಪಕನಾಗಿ ಕರೆದಾಗ ನೌಕಾಪಡೆಯ ಸಮವಸ್ತ್ರದಲ್ಲೇ ತರಗತಿಗೆ ಹೋಗುತ್ತಿದ್ದ. ಹಾರ್ಮನಿಯ ಸಾಮಾನ್ಯ ನಿಯಮಗಳೂ ಆಗ ಅವನಿಗೆ ಬರುತ್ತಿರಲಿಲ್ಲ. ಹಗಲು ಪಾಠ ಹೇಳುತ್ತ, ರಾತ್ರಿ ಅದೇ ಪಾಠವನ್ನು ತಾನು ಕಲಿತ. 1873ರಲ್ಲಿ ನೌಕಾ ಬ್ಯಾಂಡುಗಳ ಇನ್‌ಸ್ಪೆಕ್ಟರ್ ಆದಮೇಲೆ ಕ್ಲಾರಿನೆಟ್, ಟ್ರಂಬೋನ್‌ಗಳನ್ನೂ ಕೈಗೆತ್ತಿಕೊಂಡು ಊದಿ ನೋಡಿದ. ನೆರೆಹೊರೆಯವರ ಪಾಡೇನಾಯಿತೋ!

ತಡವಾಗಿ, ಕಷ್ಟಪಟ್ಟು ಕಲಿತ ವ್ಯಾಕರಣದ ಮೇಲೆ ಮೋಹ ಹೆಚ್ಚು. ಗೆಳೆಯ ಮುಸೋರ್ಗ್‌ಸ್ಕಿಯ ಕೃತಿಗಳನ್ನು ಅವನು ಸಂಪಾದಿಸಿದ ರೀತಿಗೆ ಈ ಮೋಹವೇ ಮೂಲ ಎಂದು ನನ್ನ ಎಣಿಕೆ. 1881ರಲ್ಲಿ ಮುಸೋರ್ಗ್‌ಸ್ಕಿ ತೀರಿಕೊಂಡಾಗ ಉಳಿದದ್ದು ಅರೆಬರೆ ಹಸ್ತಪ್ರತಿಗಳ ರಾಶಿ. ಅದನ್ನು ವಿಂಗಡಿಸಿ, ಅಪೂರ್ಣವಾಗಿದ್ದದ್ದನ್ನು ಪೂರ್ತಿಮಾಡಿ, ವಾದ್ಯವೃಂದಕ್ಕೆ ಹೊಂದಿಸಿ, ಬೆಸ್ಸೆಲ್ ಪ್ರಕಾಶನದ ಮೂಲಕ ಹೊರತಂದವನು ಇವನು. ಆ ದುಡಿಮೆಯ ಋಣ ದೊಡ್ಡದು. ಆದರೆ ಸಂಪಾದಕ ಪೂರ್ತಿಮಾಡುವುದು ಬೇರೆ, ತಿದ್ದುವುದು ಬೇರೆ. ಇವನು ಎರಡನ್ನೂ ಒಂದೇ ಲೇಖನಿಯಲ್ಲಿ ಮಾಡಿದ.

'ಬೋರಿಸ್ ಗೊದುನೋವ್' ಆಪೆರಾವನ್ನೇ ನೋಡಿ. ಮುಸೋರ್ಗ್‌ಸ್ಕಿ 1872ರ ಪಾಠದಲ್ಲಿ ದೊರೆಯ ಸಾವನ್ನು ಕೊನೆಗಿಡಲಿಲ್ಲ. ದೊರೆ ಸತ್ತ ಮೇಲೆ ಕ್ರೋಮಿಯ ಕಾಡಿನಲ್ಲಿ ದಂಗೆಯೆದ್ದ ಜನ ಹೊಸ ಸುಳ್ಳುದೊರೆಯ ಬೆನ್ನುಹತ್ತಿ ಹೋಗುತ್ತಾರೆ. ಬರಿದಾದ ರಂಗದಲ್ಲಿ ಒಬ್ಬ ಹುಚ್ಚ ಕುಳಿತು ರಷ್ಯಾಕ್ಕೆ ಬರಲಿರುವ ಕೇಡಿಗಾಗಿ ಅಳುತ್ತಾನೆ. ರಿಮ್‌ಸ್ಕಿ-ಕೊರ್ಸಕೋವ್ ಈ ದೃಶ್ಯವನ್ನು ಹಿಂದಕ್ಕೆ ಸರಿಸಿ, ದೊರೆಯ ಸಾವಿಗೆ ಪರದೆ ಬೀಳುವಂತೆ ಮಾಡಿದ. ಜನರ ದುರಂತವಾಗಿದ್ದದ್ದು ಒಬ್ಬ ಅರಸನ ದುರಂತವಾಯಿತು. ನೋವಿನ ಸಂಗತಿಯೆಂದರೆ, ಆ ಕ್ರೋಮಿ ದೃಶ್ಯ ಹುಟ್ಟುವಾಗ ಅವರಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಇದ್ದದ್ದು ಒಂದೇ ಪಿಯಾನೋ: ಮಧ್ಯಾಹ್ನದವರೆಗೆ ಮುಸೋರ್ಗ್‌ಸ್ಕಿಗೆ, ಅವನು ನೌಕರಿಗೆ ಹೊರಟಮೇಲೆ ಇವನಿಗೆ. ಅದನ್ನು ಅಷ್ಟು ಹತ್ತಿರದಿಂದ ಕಂಡಿದ್ದವನ ಕೈಯೇ ಅದನ್ನು ಸ್ಥಳಾಂತರಿಸಿತು. ಸ್ವರಸಂಯೋಜನೆಯ ಒರಟುತನವನ್ನು ಉಜ್ಜಿ ನುಣುಪಾಗಿಸಿದ್ದು ಇದಕ್ಕೆ ಹೋಲಿಸಿದರೆ ಸಣ್ಣ ತಪ್ಪು.

ಹಾಗೆಂದು ಅವನನ್ನು ಕೃತಿಚೋರನಂತೆ ಕಾಣುವುದು ಅನ್ಯಾಯ. 1908ರಲ್ಲಿ ಪ್ಯಾರಿಸ್ಸಿನಲ್ಲಿ ಶಲ್ಯಾಪಿನ್ ಹಾಡಿ ಯುರೋಪನ್ನು ಬೆರಗುಗೊಳಿಸಿದ್ದು ಈ ತಿದ್ದಿದ ಬೋರಿಸ್‌ನಲ್ಲೇ. ಮೂಲವನ್ನು ತಾನು ಅಳಿಸಿಹಾಕಿಲ್ಲ, ಅದೇ ಮೇಲೆಂದು ಮುಂದೆ ತೋರಿದರೆ ತನ್ನದನ್ನು ಬಿಟ್ಟು ಅದನ್ನೇ ಆಡಲಿ ಎಂದು ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ. 1928ರಲ್ಲಿ ಪಾವೆಲ್ ಲಾಮ್ ಮೂಲಪಾಠವನ್ನು ಸಂಪಾದಿಸಿ ಪ್ರಕಟಿಸಿದ. ಈಗ ಆಪೆರಾ ಮನೆಗಳು ಹೆಚ್ಚಾಗಿ ಮುಸೋರ್ಗ್‌ಸ್ಕಿಯ ಪಾಠಗಳತ್ತಲೇ ಒಲಿದಿವೆ. 'ಬೋಳುಗುಡ್ಡದ ಮೇಲೊಂದು ರಾತ್ರಿ'ಯ ಕತೆ ಮಾತ್ರ ಬೇರೆ. ಮುಸೋರ್ಗ್‌ಸ್ಕಿಯ 1867ರ ಕೃತಿ ಕೊನೆಯವರೆಗೂ ಮಾಟಗಾತಿಯರ ಕುಣಿತವೇ. ಗಂಟೆ ಬಾರಿಸಿ ಬೆಳಕು ಹರಿಯುವ ಮುಕ್ತಾಯವನ್ನು ಅವನದೇ ಮತ್ತೊಂದು ಹಸ್ತಪ್ರತಿಯಿಂದ ತಂದು ಜೋಡಿಸಿದವನು ರಿಮ್‌ಸ್ಕಿ-ಕೊರ್ಸಕೋವ್. ಲೋಕದ ಕಿವಿಗೆ ಒಗ್ಗಿರುವುದು ಆ ಜೋಡಣೆಯೇ. ಮೂಲ ಹೆಚ್ಚು ಉಗ್ರ, ನಿಜ. ಆದರೂ ಈ ಒಂದರಲ್ಲಿ ನನ್ನ ಮತ ಸಂಪಾದಕನಿಗೇ.