ಬಾಲ ಕಟ್ಟಿಕೊಂಡು ಮೀನು ಹಿಡಿಯುವ ಗೋಕು

2020ರಲ್ಲಿ ಬಂದ ‘ಡ್ರ್ಯಾಗನ್ ಬಾಲ್ ಝಡ್: ಕಾಕರಾಟ್’ ಗೇಮ್‌ನಲ್ಲಿ ನನಗೆ ಹಿಡಿಸಿದ್ದು ಫೈಟುಗಳಿಗಿಂತ ಅವುಗಳ ನಡುವಿನ ಬಿಡುವು. ಗೋಕು ನಕಲಿ ಬಾಲ ಕಟ್ಟಿಕೊಂಡು ಮೀನು ಹಿಡೀತಾನೆ, ಚಿಚಿ ಅಡುಗೆ ಮಾಡಿ ಬಡಿಸ್ತಾಳೆ, ಉಂಡರೆ ಶಕ್ತಿ ಹೆಚ್ಚುತ್ತೆ. ಸದಾ ಹೊಡೆದಾಡೋ ಮನುಷ್ಯನಿಗೂ ಒಂದು ಸಂಸಾರ ಇದೆ ಅನ್ನೋದು ಇಲ್ಲಿ ಆಡ್ತಾ ಆಡ್ತಾ ಗೊತ್ತಾಗುತ್ತೆ.

ಆದರೆ ಸೈಡ್ ಕ್ವೆಸ್ಟ್‌ಗಳು ಬರೀ ‘ಅದು ತಂದ್ಕೊಡು, ಇವನನ್ನ ಹೊಡಿ’. ಅದನ್ನಾದರೂ ಸಹಿಸಬಹುದು. ಕಷ್ಟಪಟ್ಟು ನಪ್ಪನನ್ನ ಸೋಲಿಸಿದರೂ ಕಟ್‌ಸೀನ್‌ನಲ್ಲಿ ಪಿಕೊಲೊ ಸಾಯೋದು ತಪ್ಪಲ್ಲ. ಹಾಗಾದರೆ ನಾವು ಗೆದ್ದಿದ್ದು ಏನನ್ನ? ಮೂಲಕಥೆಗೆ ನಿಷ್ಠೆ ಸರಿ, ಆದರೆ ರೋಲ್ ಪ್ಲೇಯಿಂಗ್ ಅಂತ ಕರೆದ ಮೇಲೆ ಒಂದೆರಡು ನಿರ್ಧಾರಗಳನ್ನಾದರೂ ನಮಗೆ ಬಿಡಬೇಕಿತ್ತು. ಅನಿಮೆ ನೋಡಿ ಬೆಳೆದವರು ಸೇಲ್‌ನಲ್ಲಿ ಸಿಕ್ಕರೆ ತಗೊಳ್ಳಿ, ಮಿಕ್ಕವರಿಗೆ ಅವಸರವೇನಿಲ್ಲ.