ರಕ್ತಗುಲ್ಮ ಮತ್ತು ಅಂಡಾಶಯದ ನೀರುಗಡ್ಡೆ: ಒಂದು ವಿಮರ್ಶೆ

ಆಯುರ್ವೇದದ ಇತಿಹಾಸವನ್ನು ಬರೆಯುವವರು ಚರಕಸಂಹಿತೆಯ ‘ರಕ್ತಗುಲ್ಮ’ವನ್ನು, ಇಂದಿನ ವೈದ್ಯರು ಸಿಸ್ಟ್ ಎಂದು ಕರೆಯುವ ಅಂಡಾಶಯದ ನೀರುಗಡ್ಡೆಯೊಡನೆ ಸಮೀಕರಿಸುವುದುಂಟು. ಈ ಸಮೀಕರಣವು ಗ್ರಂಥಕ್ಕೂ ರೋಗಿಗೂ ನ್ಯಾಯವನ್ನು ಒದಗಿಸದೆಂಬುದು ನಮ್ಮ ಅಭಿಪ್ರಾಯ.

ಗ್ರಂಥವು ಹೇಳುವುದನ್ನು ಮೊದಲು ನೋಡೋಣ. ನಿದಾನಸ್ಥಾನದ ಪ್ರಕಾರ ಈ ಗುಲ್ಮವು ಸ್ತ್ರೀಯರಿಗೆ ಮಾತ್ರ ಬರತಕ್ಕದ್ದು. ಹೊರಹೋಗದೆ ತಡೆದು ನಿಂತ ಆರ್ತವದಿಂದ ಉಂಟಾಗತಕ್ಕದ್ದು. ಮುಟ್ಟು ನಿಲ್ಲುತ್ತದೆ, ಬಸಿರಿನ ಚಿಹ್ನೆಗಳು ತೋರುತ್ತವೆ. ಆದರೆ ಒಳಗಿನ ವಸ್ತುವು ಅಂಗಾಂಗಗಳಿಂದಲ್ಲದೆ ಇಡಿಯ ಮುದ್ದೆಯಾಗಿ ಚಲಿಸುತ್ತದೆ. ಗರ್ಭಿಣಿಯಲ್ಲದವಳನ್ನು ಗರ್ಭಿಣಿಯೆನ್ನುವವರು ಮೂಢರೆಂದು ಗ್ರಂಥವು ಹಳಿಯುತ್ತದೆ. ಚಿಕಿತ್ಸಾಸ್ಥಾನದಲ್ಲಿ, ಹತ್ತನೆಯ ತಿಂಗಳು ಕಳೆದ ಮೇಲೆಯೇ ಚಿಕಿತ್ಸೆಯೆಂಬ ವಿಧಿಯಿದೆ.

ಇಲ್ಲಿ ಅಂಡಾಶಯದ ಪ್ರಸ್ತಾಪವಿಲ್ಲ. ಅಂಡಾಶಯದ ಗಡ್ಡೆಯುಳ್ಳ ಅನೇಕರಿಗೆ ಮುಟ್ಟು ಕ್ರಮವಾಗಿಯೇ ಇರುತ್ತದೆ. ಆದುದರಿಂದ ಸಮೀಕರಣವು ನಿಲ್ಲದು. ಚರಕನ ಹಿರಿಮೆ ಬೇರೆಡೆಯಲ್ಲಿದೆ. ಗಡ್ಡೆಯನ್ನೂ ಗರ್ಭವನ್ನೂ ಬೇರ್ಪಡಿಸುವುದೇ ಮೊದಲ ಪ್ರಶ್ನೆಯೆಂದು ಆತನು ಕಂಡನು. ಉದರದೊಳಗನ್ನು ನೋಡುವ ಸಾಧನವಿಲ್ಲದಿರಲು ಕಾಲವನ್ನೇ ಪರೀಕ್ಷೆಯನ್ನಾಗಿ ಮಾಡಿದನು. ಗರ್ಭವಿದ್ದಲ್ಲಿ ಅದಕ್ಕೆ ಇದರಿಂದ ಅಪಾಯವಾಗದು. ಈ ತೊಡಕು ಬಹುಕಾಲ ಉಳಿಯಿತು. 1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರಾಯಿಂ ಮೆಕ್‌ಡೊವೆಲ್ ಅಂಡಾಶಯದ ಗಡ್ಡೆಯನ್ನು ಕೊಯ್ದು ತೆಗೆದ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯನ್ನೂ ಮೊದಲು ಗರ್ಭಿಣಿಯೆಂದೇ ಭಾವಿಸಲಾಗಿತ್ತು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, ಶ್ರವಣಾತೀತ ಧ್ವನಿಯಿಂದ ಉದರದ ಗಡ್ಡೆಗಳನ್ನು ಪರೀಕ್ಷಿಸಿದ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ತರುವಾಯ ಅದು ಸಡಿಲವಾಗತೊಡಗಿತು.

ಪ್ರಶ್ನೆಯು ಕೇವಲ ಪಾಂಡಿತ್ಯದ್ದಲ್ಲ. ಬೀದರ ತಾಲ್ಲೂಕಿನ ಮನ್ನಳ್ಳಿಯಂತಹ ಊರಿನಲ್ಲಿ ಅವಿವಾಹಿತೆಯೊಬ್ಬಳ ಹೊಟ್ಟೆ ಉಬ್ಬಿದರೆ ಜನರ ಸಂದೇಹವು ರೋಗಕ್ಕಿಂತ ಮೊದಲು ಶೀಲದ ಮೇಲೆ ಬೀಳಬಹುದು. ಮನೆಯವರು ಮಾನಕ್ಕಂಜಿ ಕಾಯಬಹುದು. ಆ ಕಾಯುವಿಕೆಗೆ ಪ್ರಾಚೀನ ವಾಕ್ಯವು ಆಧಾರವಾಗಕೂಡದು. ಬಸಿರು ಇದೆಯೋ ಇಲ್ಲವೋ ಎಂಬುದನ್ನು ಮೂತ್ರಪರೀಕ್ಷೆಯು ನಿಮಿಷಗಳಲ್ಲಿ ತಿಳಿಸುತ್ತದೆ. ಮೂತ್ರಕೋಶವು ತುಂಬಿರುವಾಗ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡಬಹುದಾದ್ದರಿಂದ ಕನ್ಯೆಯರು ಸಂಕೋಚಪಡಬೇಕಾದುದಿಲ್ಲ. ಸಣ್ಣ ನೀರುಗಡ್ಡೆಗಳು ಬಹುಮಟ್ಟಿಗೆ ಎರಡು ಮೂರು ಮುಟ್ಟುಗಳೊಳಗೆ ತಾವಾಗಿಯೇ ಕರಗುತ್ತವೆ. ಘನಭಾಗವುಳ್ಳ ಗಡ್ಡೆಗೆ ರಕ್ತಪರೀಕ್ಷೆಯೂ ಬೇಕು. ಹರೆಯದಲ್ಲಿ ಅರ್ಬುದವು ವಿರಳವೇ ಹೊರತು ಅಸಾಧ್ಯವಲ್ಲ. ಗಡ್ಡೆಯು ತೊಟ್ಟಿನಲ್ಲಿ ತಿರುಚಿಕೊಂಡರೆ ಹಠಾತ್ತನೆ ತೀವ್ರ ನೋವು, ವಾಂತಿ ತೋರುತ್ತವೆ. ಆಗ ಕೆಲವು ಗಂಟೆಗಳ ವಿಳಂಬದಿಂದಲೂ ಅಂಡಾಶಯವು ನಷ್ಟವಾಗಬಹುದು.

ಹತ್ತು ತಿಂಗಳ ವಿಧಿಯನ್ನು ಅದರ ಕಾಲದ ವಿವೇಕವೆಂದು ಇತಿಹಾಸಕಾರನು ಗೌರವಿಸಲಿ. ಅದನ್ನು ಇಂದಿನ ರೋಗನಿರ್ಣಯವೆಂದು ಹೊಗಳದಿರಲಿ.